ಹಳೆಯ ನಾಣ್ಯದ ನಿಜವಾದ ಬೆಲೆ

ವಿಲಾಯತಿಗೆ ಹೋಗಿಬಂದ ಹಿರಿಯರ ಪೆಟ್ಟಿಗೆಯ ತಳದಲ್ಲಿ ಕಪ್ಪುಗಟ್ಟಿದ ಪೆನ್ನಿಯೋ ಶಿಲ್ಲಿಂಗೋ ದೊರೆತರೆ, ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಬೇಕೆಂದು ನಮ್ಮ ಗೃಹಿಣಿಯರಿಗೆ ತೋರುವುದು ಸಹಜವೇ. ತಾಮ್ರದ ಚೆಂಬಿಗೆ ಇದು ಭೂಷಣ. ನಾಣ್ಯಕ್ಕಾದರೋ ಕೇವಲ ಹಾನಿ. ಆದುದರಿಂದಲೇ ಹಳೆಯ ಬ್ರಿಟಿಷ್ ನಾಣ್ಯಗಳ ಸಂಗ್ರಹವನ್ನು ಕುರಿತು ನಮ್ಮ ಸೋದರಿಯರೊಡನೆಯೂ ಪೋಷಕರೊಡನೆಯೂ ನಾಲ್ಕು ಮಾತುಗಳನ್ನಾಡಲು ಬಯಸುತ್ತೇವೆ. ಈ ಹವ್ಯಾಸದಿಂದ ಹಣ ಬರುವುದೆಂದು ಹೇಳುವವರು ಅನೇಕರು. ಇದರಿಂದ ನಿಜವನ್ನು ಪರೀಕ್ಷಿಸುವ ಕಣ್ಣು ಬರುವುದು, ಅದೇ ಹೆಚ್ಚಿನ ಲಾಭವೆಂಬುದು ನಮ್ಮ ಮತ.

ಹಳೆಯದೆಲ್ಲವೂ ಬೆಲೆಯುಳ್ಳದ್ದೆಂಬ ಭ್ರಾಂತಿಯನ್ನು ಮೊದಲು ಬಿಡಬೇಕು. 1797ರಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್ ಎಂಬಾತನು ಉಗಿಯಂತ್ರದಿಂದ ಅಚ್ಚುಹಾಕಿಸಿದ ತಾಮ್ರದ ಪೆನ್ನಿಯು ಒಂದು ಔನ್ಸ್ ತೂಗುತ್ತಿತ್ತು. ಅದರ ದಪ್ಪ ಅಂಚನ್ನು ಕಂಡು ಜನರು ಅದನ್ನು ಬಂಡಿಯ ಗಾಲಿಯೆಂದೇ ಕರೆದರು. ಅಷ್ಟು ಪುರಾತನವಾದ ಈ ನಾಣ್ಯವು, ಸವೆದಿದ್ದಲ್ಲಿ, ಇಂದಿಗೂ ಸಾಧಾರಣ ಬೆಲೆಗೆ ದೊರೆಯುತ್ತದೆ. ಅದಕ್ಕಿಂತ 136 ವರ್ಷ ಚಿಕ್ಕದಾದ 1933ರ ಪೆನ್ನಿಯನ್ನಾದರೋ ಶ್ರೀಮಂತರೂ ಸುಲಭವಾಗಿ ಪಡೆಯಲಾರರು. ಆ ವರ್ಷ ಪೆನ್ನಿಗಳ ದಾಸ್ತಾನು ಸಾಕಷ್ಟಿದ್ದುದರಿಂದ ಬೆರಳೆಣಿಕೆಯಷ್ಟನ್ನು ಮಾತ್ರ ಅಚ್ಚುಹಾಕಿದರು. ವಿರಳತೆ, ಸ್ಥಿತಿ, ಬೇಡಿಕೆ ಈ ಮೂರೂ ಸೇರಿ ಬೆಲೆಯನ್ನು ನಿರ್ಣಯಿಸುತ್ತವೆ, ವಯಸ್ಸೊಂದೇ ಅಲ್ಲ.

ಲೋಹದ ವಿಷಯದಲ್ಲಿ ಇಸವಿಯೇ ಸಾಕ್ಷಿ. 1919ರವರೆಗಿನ ಶಿಲ್ಲಿಂಗಿನಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿಯಿತ್ತು. 1920ರಿಂದ ಅದು 50 ಪಾಲಿಗೆ ಇಳಿಯಿತು. ಯುದ್ಧಕಾಲದಲ್ಲಿ ಅಮೆರಿಕದಿಂದ ಎರವಲು ತಂದ ಬೆಳ್ಳಿಯನ್ನು ಹಿಂದಿರುಗಿಸಬೇಕಾದುದರಿಂದ 1947ರಿಂದ ತಾಮ್ರ ಮತ್ತು ನಿಕ್ಕಲುಗಳ ಮಿಶ್ರಣವೇ ಬಳಕೆಗೆ ಬಂದಿತು. ಮೂರೂ ಶಿಲ್ಲಿಂಗುಗಳು ಹನ್ನೆರಡು ಪೆನ್ನಿಗೇ ಸಮನಾಗಿದ್ದುವು. ಒಳಗಿನ ಸತ್ವವು ಮಾತ್ರ ಬೇರೆ.

ಸ್ಥಿತಿಯನ್ನು ನಿರ್ಣಯಿಸುವಾಗ ಮಾತಿನ ಮೋಹಕ್ಕೆ ಒಳಗಾಗಬಾರದು. ವರ್ತಕರ ಭಾಷೆಯಲ್ಲಿ 'ಫೈನ್' ಎಂದರೆ ಸೊಗಸಾದುದೆಂದಲ್ಲ, ಸಾಕಷ್ಟು ಸವೆದುದೆಂದು. 'ವೆರಿ ಫೈನ್', 'ಎಕ್ಸ್‌ಟ್ರೀಮ್ಲಿ ಫೈನ್', ಬಳಕೆಯೇ ಆಗದ 'ಅನ್‌ಸರ್ಕ್ಯುಲೇಟೆಡ್' ಎಂಬಿವು ಅದರ ಮೇಲಿನ ಮೆಟ್ಟಿಲುಗಳು. ರಾಜನ ಕೂದಲಿನ ಗೆರೆ, ಕೆನ್ನೆಯ ಉಬ್ಬು, ಬರಹದ ಅಂಚು ಇವನ್ನು ಬೂದುಗಾಜಿನ ಕೆಳಗೆ ನೋಡಬೇಕು. ಹುಳಿಯಿಂದ ತಿಕ್ಕಿದ ನಾಣ್ಯದಲ್ಲಿ ಕಾಲವು ಕೊಟ್ಟ ಬಣ್ಣವು ಅಳಿದು ಗೀರುಗಳು ಉಳಿಯುತ್ತವೆ. ಬಲ್ಲವರು ಅದನ್ನು ಕೂಡಲೇ ಬದಿಗಿಡುವರು. ವಂಚಕರು ಇಸವಿಯ ಕೊನೆಯ ಅಂಕಿಯನ್ನು ತಿದ್ದಿ 1933 ಎಂದು ಮಾಡಿರುವುದೂ ಉಂಟು. ಆದುದರಿಂದ ಸಣ್ಣದೊಂದು ತಕ್ಕಡಿಯೂ ಸಂದೇಹಪಡುವ ಬುದ್ಧಿಯೂ ಸಂಗ್ರಾಹಕಳಿಗೆ ಅವಶ್ಯ.

ಇನ್ನು ಹಣದಿಂದ ಅಳೆಯಲಾಗದ ಬೆಲೆಯೊಂದುಂಟು. 1948ರ ಶಿಲ್ಲಿಂಗನ್ನೂ 1949ರ ಶಿಲ್ಲಿಂಗನ್ನೂ ಜೊತೆಯಾಗಿಟ್ಟು ನೋಡಿರಿ. ಮೊದಲನೆಯದರ ಬರಹದಲ್ಲಿ 'ಇಂಡ್ ಇಂಪ್', ಎಂದರೆ ಭಾರತದ ಚಕ್ರವರ್ತಿ, ಎಂಬ ಮಾತಿದೆ. ಎರಡನೆಯದರಲ್ಲಿ ಅದು ಇಲ್ಲ. 1893ರಿಂದ ಬೆಳ್ಳಿಯ ನಾಣ್ಯಗಳ ಮೇಲೆ ಮೆರೆದ ಬಿರುದು 1947ರ ಸ್ವಾತಂತ್ರ್ಯದ ನಂತರ ಹೀಗೆ ಸದ್ದಿಲ್ಲದೆ ಅಳಿಯಿತು. ಇವೆರಡೂ ಅಗ್ಗದ ನಾಣ್ಯಗಳೇ. ಆದರೂ ನಮ್ಮ ದೇಶದ ಕಥೆಯನ್ನು ಅಂಗೈಯ ಮೇಲೆ ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತುಗಳು ವಿರಳ.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಮನೆಯಲ್ಲಿರುವ ಹಳೆಯ ನಾಣ್ಯಗಳನ್ನು ಬೆಳ್ಳಿಯ ತೂಕಕ್ಕೆ ಮಾರಿ ಕರಗಿಸುವ ಮುನ್ನ ನಿಮ್ಮ ಹೆಣ್ಣುಮಕ್ಕಳ ಕೈಗೆ ಕೊಡಿರಿ. ಓದಲಿ, ತೂಗಲಿ, ಬರೆದಿಡಲಿ. ಹೊಳಪಿಗೆ ಮರುಳಾಗದೆ ಸತ್ವವನ್ನು ಅರಸುವ ಅಭ್ಯಾಸವು ನಾಣ್ಯಗಳಿಂದ ಆರಂಭವಾದರೂ ಅಲ್ಲಿಗೇ ನಿಲ್ಲದು. ಬಾಳಿನಲ್ಲಿ ಅವರ ಮುಂದೆ ಬರುವ ಅನೇಕ ವಸ್ತುಗಳನ್ನೂ, ಮಾತುಗಳನ್ನೂ, ಮನುಷ್ಯರನ್ನೂ ಅವರು ಅದೇ ಕಣ್ಣಿನಿಂದ ಪರೀಕ್ಷಿಸುವರು.