ಪರಿಶೀಲಕರ ಮೂಷಿಕವ್ಯಾಮೋಹ

ವಿಜ್ಞಾನಪತ್ರಿಕೆಗಳಲ್ಲಿ ಲೇಖನವು ಅಚ್ಚಾಗುವುದಕ್ಕೆ ಮುಂಚೆ ಆಯಾ ಶಾಸ್ತ್ರವನ್ನು ಬಲ್ಲವರು ಅದನ್ನು ಪರಿಶೀಲಿಸುವ ಪದ್ಧತಿಯು ಸ್ತುತ್ಯವಾದುದೇ ಸರಿ. ಆದರೆ ಪರಿಶೀಲಕರೇ ರೂಢಿಗೆ ದಾಸರಾದರೆ ನ್ಯಾಯವೆಲ್ಲಿಯದು? ಮನುಷ್ಯನ ಜೀವಕೋಶಗಳ ಮೇಲೆಯೇ ಪ್ರಯೋಗ ನಡೆಸಿದವರಿಗೂ ಇಲಿಯ ಮೇಲೆ ಪರೀಕ್ಷಿಸಿ ತರಬೇಕೆಂಬ ಅಪ್ಪಣೆಯಾಗುತ್ತಿದೆ. 2023ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ ಉತ್ತರವಿತ್ತ 90 ಮಂದಿಯ ಪೈಕಿ 31 ಮಂದಿಗೆ ಪ್ರಾಣಿಪ್ರಯೋಗವನ್ನು ಸೇರಿಸುವಂತೆ ಹೇಳಲಾಗಿತ್ತು. ಹಾಗೆ ಕೇಳಿಯಾರೆಂದೇ ಮುಂಗಡವಾಗಿ ಪ್ರಾಣಿಪ್ರಯೋಗ ಮಾಡಿದವರು 21 ಮಂದಿ. ಲೇಖನವು ಅಚ್ಚಾಗದಿದ್ದರೆ ಉದ್ಯೋಗವೂ ಧನಸಹಾಯವೂ ದುರ್ಲಭ, ಸಂಶೋಧಕನು ಎದುರಾಡುವುದೆಂತು? ಮೂಕಪ್ರಾಣಿಯ ಬಲಿಯಂತೂ ತಪ್ಪದು.

ಕೆಲವು ಪ್ರಶ್ನೆಗಳಿಗೆ ಇಡೀ ದೇಹದ ಪರೀಕ್ಷೆಯು ಅವಶ್ಯವಾಗಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಲಿಯಲ್ಲಿ ಗುಣಕೊಟ್ಟ ಎಷ್ಟೋ ಔಷಧಗಳು ಮನುಷ್ಯನಲ್ಲಿ ನಿಷ್ಫಲವಾಗಿರುವಾಗ, ಇಲಿಯೊಂದನ್ನೇ ಪರಮಪ್ರಮಾಣವೆನ್ನುವುದು ಶಾಸ್ತ್ರವಲ್ಲ, ಸಂಪ್ರದಾಯ. ಔಷಧಪರೀಕ್ಷೆಯಲ್ಲಿ ಪ್ರಾಣಿರಹಿತ ವಿಧಾನಗಳಿಗೆ ಅಮೆರಿಕವು 2022ರ ಡಿಸೆಂಬರಿನಲ್ಲಿಯೂ ಭಾರತ ಸರಕಾರವು 2023ರಲ್ಲಿಯೂ ಕಾನೂನಿನ ಬಾಗಿಲನ್ನು ತೆರೆದುವು. ಕಾನೂನು ತೆರೆದುದನ್ನು ಪರಿಶೀಲಕರು ಮುಚ್ಚತಕ್ಕುದಲ್ಲ. ಪ್ರಾಣಿಪ್ರಯೋಗವನ್ನು ಕೇಳುವವರು ಅದರ ಅವಶ್ಯಕತೆಯನ್ನು ಬರಹದಲ್ಲಿ ಸಮರ್ಥಿಸಬೇಕೆಂದು ಆ ಪತ್ರಿಕೆಗಳ ಸಂಪಾದಕರು ಕಟ್ಟಳೆ ಮಾಡಲಿ. ನಮ್ಮ ದೇಶದ ಪತ್ರಿಕೆಗಳು ಇದರಲ್ಲಿ ಮುಂದಾಗಲೆಂದು ಹಾರೈಸುತ್ತೇವೆ.