ಹೊಸ್ತಿಲಿನ ದೀಪ

ಸಂಸ್ಕೃತ ಶಾಸ್ತ್ರಕಾರರಲ್ಲಿ ‘ದೇಹಲೀದೀಪನ್ಯಾಯ’ವೆಂಬ ಮಾತೊಂದುಂಟು. ದೇಹಲಿ ಎಂದರೆ ಹೊಸ್ತಿಲು. ಅದರ ಮೇಲಿರಿಸಿದ ಒಂದೇ ದೀಪವು ಮನೆಯ ಒಳಗನ್ನೂ ಹೊರಗನ್ನೂ ಬೆಳಗುವಂತೆ, ವಾಕ್ಯದ ನಡುವಣ ಒಂದೇ ಪದವು ಹಿಂದಕ್ಕೂ ಮುಂದಕ್ಕೂ ಅನ್ವಯಿಸುವುದೆಂದು ಅದರ ತಾತ್ಪರ್ಯ. ಇದನ್ನು ನಾವು ಅನೇಕ ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಆದರೆ ಮಸ್ಕಿಯ ನಮ್ಮ ಮನೆಯ ಹೊಸ್ತಿಲಿಗೇ ದೀಪವನ್ನು ಕೊಳ್ಳುವಾಗ ಅದು ನಮ್ಮ ನೆನಪಿಗೆ ಬರಲಿಲ್ಲ. ಅದರ ಫಲವನ್ನು ಅನುಭವಿಸಿದವರು ನಮ್ಮ ಅಕ್ಕನವರು. ಆ ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಂಡು, ಗೋಡೆಯ ದೀಪಗಳ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಬರೆಯುವೆವು.

ಕಳೆದ ವರ್ಷ ಮನೆಗೆ ಸುಣ್ಣಬಣ್ಣಗಳಾದ ಮೇಲೆ, ಹೊರಬಾಗಿಲಿಗೊಂದು ಪಡಸಾಲೆಗೊಂದು ದೀಪ ಬೇಕೆಂದು ಮಕ್ಕಳು ಬಯಸಿದರು. ಅಂಗಡಿಯೊಂದರಲ್ಲಿ ಕಂದು ಬಣ್ಣದ ಜೋಡಿಯೊಂದು ನಮ್ಮ ಕಣ್ಣನ್ನು ಸೆಳೆಯಿತು. ಅಮರಕೋಶವು ಶ್ಯಾವವೆಂದೂ ಕಪಿಶವೆಂದೂ ಕರೆಯುವ ಬಣ್ಣವದು. ಇಳಿಬಿಸಿಲಿನಲ್ಲಿ ನಮ್ಮೂರ ಗುಡ್ಡದ ಬಂಡೆಗಳಿಗೆ ಬರುವ ಬಣ್ಣವೂ ಅದೇ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ಬೆಳಕಿಗೆ ಬಂದುದು ಅಂಥದೊಂದು ಬಂಡೆಯ ಮೇಲೆಯೇ. ಊರ ಕಲ್ಲಿಗೂ ಮಣ್ಣಿಗೂ ಒಪ್ಪುವ ಬಣ್ಣವೆಂದು ಹಗಲಿನಲ್ಲಿ ನೋಡಿ, ಹಗಲಿನಲ್ಲಿಯೇ ಹೊಗಳಿ, ಮನೆಗೆ ತಂದೆವು.

ದೀಪದ ಕವಚವು ಹೊರಗೆ ಕಂದು, ಒಳಗೂ ಕಂದು. ಅದರ ಗಾಜಿಗೂ ಕಂದು ಛಾಯೆ. ಬೆಳಕು ಗೋಡೆಯ ಮೇಲ್ಭಾಗದಲ್ಲಿ ಬಳ್ಳಿಯಂತೆ ಹಬ್ಬಿ ಬಹಳ ಅಂದವಾಗಿ ಕಾಣುತ್ತಿತ್ತು. ಕಾರ್ತಿಕದ ಒಂದು ರಾತ್ರಿ ಎಪ್ಪತ್ತು ದಾಟಿದ ನಮ್ಮ ಅಕ್ಕನವರು ಕಟ್ಟೆಗೆಂದು ಹೊರಟು, ಎರಡನೆಯ ಮೆಟ್ಟಿಲು ಕಾಣದೆ ಬಿದ್ದರು. ಮುಂಗೈಯ ಎಲುಬು ಮುರಿಯಿತು. ಆರು ವಾರಗಳ ಮೇಲೆ ಕಟ್ಟು ಬಿಚ್ಚಿದರೂ ಅವರು ಸಂಜೆಯ ಅನಂತರ ಹೊರಗೆ ಬರಲಿಲ್ಲ. ನೆರೆಯ ಹೆಂಗಸರು ಕಟ್ಟೆಯ ಮೇಲೆ ಮಾತಾಡುತ್ತಿದ್ದರೆ, ಒಳಗಿನಿಂದಲೇ ಕೇಳುತ್ತ ಕುಳಿತಿರುವರು. ಒಮ್ಮೆ ನಾವು ಕಾರಣವನ್ನು ಕೇಳಲು, “ತಮ್ಮಾ, ನಿನ್ನ ದೀಪ ಭಾಳ ಚಂದ ಅದ. ಖರೇ, ಅದು ಗ್ವಾಡಿಗಿ ಬೆಳಕು ಕೊಡ್ತದ, ನನ್ನ ಕಾಲಿಗೆಲ್ಲಿ ಕೊಡ್ತದ?” ಎಂದರು. ನಮಗೆ ಉತ್ತರ ತೋರಲಿಲ್ಲ.

ವಿಚಾರಿಸಿದ ಮೇಲೆ ತಿಳಿದುದೇನೆಂದರೆ, ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಮಸೂರವು ಹಳದಿಗಟ್ಟುವುದರಿಂದ, ಅರವತ್ತರ ಕಣ್ಣಿನ ಒಳಪರದೆಗೆ ತಲಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಮನೆಯ ತರುಣರಿಗೆ ಸಾಕೆನಿಸಿದ ಬೆಳಕು ಹಿರಿಯರಿಗೆ ಕತ್ತಲೆಯೇ ಆಗಬಹುದು. ಆದುದರಿಂದ ದೀಪವನ್ನು ಒಪ್ಪತಕ್ಕವರು ಕೊಳ್ಳುವವರಲ್ಲ. ಅದರ ಕೆಳಗೆ ನಡೆದಾಡುವ ಹಿರಿಯರು.

ಕಂದು ಬಣ್ಣದಲ್ಲಿ ದೋಷವಿಲ್ಲ. ಧೂಳು ಹೆಚ್ಚಾದ ನಮ್ಮ ಸೀಮೆಯಲ್ಲಿ ಅದು ಬಿಳಿಯದರಂತೆ ಬೇಗ ಮಾಸಿ ಕಾಣದು. ಆದರೆ ಕಂದು ಬಣ್ಣವು ಬೆಳಕನ್ನು ಹಿಂದಕ್ಕೆ ಕೊಡುವುದು ಕಡಮೆ, ಹೀರುವುದೇ ಹೆಚ್ಚು. ಕವಚದ ಹೊರಮೈ ಕಂದಾಗಿದ್ದರೂ ಒಳಮೈ ಬಿಳಿಯದಾಗಿರಬೇಕು. ಗಾಜು ತಿಳಿಯಾಗಿ ಅಥವಾ ಹಾಲಿನ ಬಣ್ಣದ್ದಾಗಿರಬೇಕು. ನಮ್ಮ ಬಾಲ್ಯದ ಮನೆಯಲ್ಲಿ ಹಣತೆಯಿಡುವ ಗೋಡೆಯ ಗೂಡು ಹೊಗೆಯಿಂದ ಕಪ್ಪಾದಾಗಲೆಲ್ಲ ತಾಯಿಯವರು ಅದಕ್ಕೆ ಸುಣ್ಣ ಬಳಿಯುತ್ತಿದ್ದರು. ಹಬ್ಬದ ಸಡಗರಕ್ಕೆಂದು ನಾವು ತಿಳಿದಿದ್ದೆವು; ಹನಿ ಎಣ್ಣೆಯ ಬೆಳಕನ್ನು ಅಂಗಳದವರೆಗೆ ಕಳುಹುವ ಉಪಾಯವದು ಎಂಬುದು ಈಗ ಅರಿವಾಗುತ್ತಿದೆ.

ಒಳಗಿನ ದೀಪಕ್ಕೂ ಹೊರಗಿನ ದೀಪಕ್ಕೂ ಧರ್ಮ ಬೇರೆ. ಒಳಗೆ ಕಟ್ಟಿಗೆ, ಬೆತ್ತ, ಮಣ್ಣು, ಹಿತ್ತಾಳೆ ಯಾವುದಾದರೂ ಸಲ್ಲುವುದು. ನೆಲದಿಂದ ಐದೂವರೆ ಆರು ಅಡಿ ಎತ್ತರದಲ್ಲಿಟ್ಟು, ನಿಂತವರ ಕಣ್ಣಿಗೂ ಕುಳಿತವರ ಕಣ್ಣಿಗೂ ಬಲ್ಬು ನೇರವಾಗಿ ಕುಕ್ಕದಂತೆ ನೋಡಿಕೊಂಡರೆ ಸಾಕು. ಹೊರಗಿನದಕ್ಕೆ ಮಳೆ ಧೂಳುಗಳ ಪರೀಕ್ಷೆಯುಂಟು. ಡಬ್ಬಿಯ ಮೇಲೆ ‘ಐಪಿ’ ಎಂಬ ಅಕ್ಷರಗಳ ಮುಂದೆ ಎರಡು ಅಂಕೆಗಳಿರುವುವು. ಮೊದಲನೆಯದು ಧೂಳಿನ ತಡೆ, ಎರಡನೆಯದು ನೀರಿನ ತಡೆ. ಸೂರಿನ ಕೆಳಗಿನ ದೀಪಕ್ಕೆ 44 ಸಾಕು. ಬಯಲ ಗೋಡೆಗೆ 65 ಇರಲಿ. 20 ಎಂದಿರುವುದನ್ನು ಹೊರಗೆ ಹಾಕಲಾಗದು. ಬಣ್ಣ ಬಳಿದ ಕಬ್ಬಿಣವು ತಿರುಪಿನ ಬಳಿ ಬೇಗ ತುಕ್ಕು ಹಿಡಿಯುವುದು. ಕಂದು ಲೇಪವುಳ್ಳ ಅಲ್ಯುಮಿನಿಯಮ್ ಮೇಲು. ಪಡುವಣ ಗೋಡೆಯ ಮೇಲೆ ನಮ್ಮ ವೈಶಾಖದ ಬಿಸಿಲನ್ನು ಅಗ್ಗದ ಪ್ಲಾಸ್ಟಿಕ್ ಬಹುಕಾಲ ತಾಳದು. ಲೋಹದ ದೀಪಕ್ಕೆ ಅರ್ಥಿಂಗ್ ತಂತಿಯನ್ನು ತಪ್ಪದೆ ಜೋಡಿಸತಕ್ಕದ್ದು. ಮಳೆಯಲ್ಲಿ ಒದ್ದೆಗೈಯಿಂದ ಮಕ್ಕಳು ಮುಟ್ಟುವ ವಸ್ತುವದು.

ಇನ್ನು ಬೆಳಕಿನ ಬಣ್ಣ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಅದು ಹಣತೆಯ ಹತ್ತಿರದ ಹೊಂಬೆಳಕು. 6500 ಎಂದಿದ್ದರೆ ನೀಲಿಗೂಡಿದ ಬಿಳುಪು. ಕಂದಿಗೆ ಒಪ್ಪುವುದು ಮೊದಲನೆಯದೇ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಮೇಲೆ ನಮ್ಮ ಸುತ್ತ ಭತ್ತದ ಗದ್ದೆಗಳು ಹೆಚ್ಚಿದುವಷ್ಟೆ. ಬೆಳೆಯ ಕಾಲದಲ್ಲಿ ಸಣ್ಣ ಹುಳುಗಳು ದೀಪಕ್ಕೆ ಮುತ್ತಿ ಉಣ್ಣುವ ತಟ್ಟೆಗೂ ಬೀಳುವುವು. ಹೊಂಬೆಳಕಿಗೆ ಅವು ಬಿಳಿಬೆಳಕಿಗಿಂತ ಕಡಮೆ ಬರುವುವು. ಬೆಳಕಿನ ಪ್ರಮಾಣವನ್ನು ವ್ಯಾಟ್‌ನಿಂದಲ್ಲ, ಲ್ಯೂಮೆನ್‌ನಿಂದ ಅಳೆಯಬೇಕು. 400ರಿಂದ 500 ಲ್ಯೂಮೆನ್ ಕೊಡುವ 5 ವ್ಯಾಟಿನ ಎಲ್‌ಇಡಿ ಬಲ್ಬು ಕೆಳಮುಖವಾಗಿದ್ದರೆ ಮೂರು ಮೆಟ್ಟಿಲುಗಳಿಗೆ ಯಥೇಷ್ಟವಾಯಿತು.

ಇಷ್ಟನ್ನು ತಿಳಿದು ನಾವು ಮಾಡಿದುದೇನು? ಹೊರಗಿನ ದೀಪವನ್ನು ತೆಗೆದು ಪಡಸಾಲೆಗೆ, ಅದರ ಜೊತೆಗಾರನ ಎದುರಿಗೆ ಹಾಕಿದೆವು; ಅಲ್ಲಿ ಮೆಟ್ಟಿಲಿಲ್ಲ, ಅಂದವೇ ಸಾಕು. ಹೊರಬಾಗಿಲಿಗೆ ಕಂದು ಬಣ್ಣದ್ದೇ ಬೇರೊಂದನ್ನು ತಂದೆವು: ಒಳಮೈ ಬಿಳಿ, ಬಾಯಿ ಕೆಳಕ್ಕೆ. ಗೋಡೆಗೆ ತೂತು ಕೊರೆಯುವ ಮೊದಲು, ಕತ್ತಲಾದ ಮೇಲೆ ಮಗನು ಉದ್ದನೆಯ ವಯರಿನಿಂದ ಅದನ್ನು ಬಾಗಿಲ ಪಕ್ಕದಲ್ಲಿ ಹಿಡಿದು ನಿಂತನು. ಅಕ್ಕನವರು ಹೊಸ್ತಿಲಲ್ಲಿ ನಿಂತು “ಇನ್ನಷ್ಟು ಕೆಳಗ, ಇನ್ನೊಂದೀಟು ಈ ಕಡೆ” ಎಂದು ಹೇಳುತ್ತ ಹೋದರು. ಮೂರು ಮೆಟ್ಟಿಲುಗಳ ಅಂಚೂ ಬಿಡಿಬಿಡಿಯಾಗಿ ಕಂಡ ಸ್ಥಳದಲ್ಲಿ ಗೋಡೆಗೆ ಗುರುತು ಹಾಕಿದೆವು. ಮೆಟ್ಟಿಲಿನ ಅಂಚುಗಳಿಗೆ ಸೊಸೆಯು ಬಿಳಿಯ ಗೆರೆ ಎಳೆದಳು.

ಆ ವಾರವೆಲ್ಲ ಅಕ್ಕನವರು ಹೊರಗೆ ಬರಲಿಲ್ಲ. ಎಂಟನೆಯ ದಿನ ಸಂಜೆ ನಾವು ಕಟ್ಟೆಯ ಮೇಲಿದ್ದಾಗ ಹಿಂದಿನಿಂದ “ಒಂದು, ಎರಡು, ಮೂರು” ಎಂದು ಮೆಲ್ಲಗೆ ಎಣಿಸುವ ದನಿ ಕೇಳಿತು. ನಾವು ತಿರುಗಿ ನೋಡಲಿಲ್ಲ. ಸರಿದು ಜಾಗ ಕೊಟ್ಟೆವು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಹೊಸ ದೀಪವನ್ನು ಕೊಳ್ಳುವಿರೋ ಬಿಡುವಿರೋ, ಇಂದು ರಾತ್ರಿ ಮನೆಯ ಹಿರಿಯರ ಕೈಹಿಡಿದು ಒಮ್ಮೆ ಹೊಸ್ತಿಲ ಬಳಿ ನಿಲ್ಲಿರಿ. ಮೆಟ್ಟಿಲು ಕಾಣುವುದೇ ಎಂದು ಅವರನ್ನೇ ಕೇಳಿರಿ.