ಜೋಕರ್ ಕೈಗೆ ಮಚ್ಚು ಕೊಡಬಹುದೇ?

ಅಮೆರಿಕದ ನಿರ್ದೇಶಕ ಡೇಮಿಯನ್ ಲಿಯೋನ್ 2016ರಲ್ಲಿ ‘ಟೆರಿಫೈಯರ್’ ಮುಗಿಸಿದಾಗ ಅದಕ್ಕೆ ತಗುಲಿದ ಖರ್ಚು 60 ಸಾವಿರ ಡಾಲರ್ ಕೂಡ ದಾಟಿರಲಿಲ್ಲ. ಆಗಿನ ನಮ್ಮ ಲೆಕ್ಕದಲ್ಲಿ 40 ಲಕ್ಷ ರೂಪಾಯಿಯೊಳಗೆ. ಬರೆದವನು, ಸಂಕಲನ ಮಾಡಿದವನು, ರಕ್ತಗಾಯದ ಮೇಕಪ್ ಹಾಕಿದವನು ಎಲ್ಲ ಅವನೇ. ಕಥೆಯೂ ಇಷ್ಟೇ: ಹ್ಯಾಲೋವೀನ್ ರಾತ್ರಿ, ಕಪ್ಪು ಬಿಳಿ ವೇಷದ, ಬಾಯಿ ಬಿಡದ ಒಬ್ಬ ಜೋಕರ್, ಹೆಗಲಿಗೊಂದು ಕಸದ ಚೀಲ, ಎದುರು ಸಿಕ್ಕವರ ಕೊಲೆ. ಅದೇ ಸರಣಿಯ ಮೂರನೆಯ ಚಿತ್ರ 2024ರಲ್ಲಿ 20 ಲಕ್ಷ ಡಾಲರಿನಲ್ಲಿ ತಯಾರಾಗಿ ಸುಮಾರು 9 ಕೋಟಿ ಡಾಲರ್ ಬಾಚಿತು.

ಮದುವೆ ಶೂಟಿಂಗ್‌ನಲ್ಲಿ ಕೈ ಪಳಗಿಸಿಕೊಂಡ ತುಮಕೂರಿನ ಹುಡುಗನೊಬ್ಬನಿಗೆ ಈ ಲೆಕ್ಕ ಆಸೆ ಹುಟ್ಟಿಸಿದರೆ ತಪ್ಪೇನಿಲ್ಲ. ಶಿರಾ ಗೇಟ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ನಿಂತರೆ ಸೆಟ್ ಹಾಕುವ ಕೆಲಸವೇ ಇಲ್ಲ. ಶಟರ್ ಎಳೆದ ಅಂಗಡಿ ಸಾಲು, ಶಿರಾ ಕಡೆಗೆ ಹೊರಟ ಲಾರಿಯ ಲೈಟು ಬಿದ್ದು ಹೋಗುವ ಗೋಡೆ, ಆಚೆ ಅಮಾನಿಕೆರೆಯ ಏರಿ. ಸ್ಟಾರ್ ಬೇಡ, ಹಾಡು ಬೇಡ, ವಿದೇಶ ಬೇಡ. ಬಿಳಿ ಬಣ್ಣ ಬಳಿದ ಒಂದು ಮುಖವಿದ್ದರೆ ಸಾಕು. ಮುಖ ಕಾಣದ ಪಾತ್ರವನ್ನು ಯಾರು ಬೇಕಾದರೂ ಮಾಡಬಹುದು ಎಂಬ ಅನುಕೂಲ ಬೇರೆ.

ಆದರೆ ಬಣ್ಣ ಬಳಿದ ಆ ಮುಖಕ್ಕೆ ಈ ಜಿಲ್ಲೆಯ ಜನ ಹೆದರುತ್ತಾರೆಯೇ? ಅನುಮಾನಪಡುವವರ ಮಾತಿನಲ್ಲಿ ಹುರುಳಿದೆ. ಅಮೆರಿಕದವರ ಭಯಕ್ಕೆ ನಿಜದ ಆಧಾರವಿದೆ. 1978ರಲ್ಲಿ ಸಿಕ್ಕಿಬಿದ್ದ ಜಾನ್ ವೇನ್ ಗೇಸಿ ಮಕ್ಕಳ ಮುಂದೆ ಜೋಕರ್ ವೇಷ ಹಾಕುತ್ತಿದ್ದವನು. 33 ಕೊಲೆಗಳಿಗೆ ಅವನಿಗೆ ಶಿಕ್ಷೆಯಾಯಿತು. 1986ರಲ್ಲಿ ಸ್ಟೀಫನ್ ಕಿಂಗ್ ‘ಇಟ್’ ಕಾದಂಬರಿ ಬರೆದ ಮೇಲಂತೂ ಅಲ್ಲಿ ಜೋಕರ್ ಎಂದರೆ ಚರಂಡಿಯಿಂದ ಇಣುಕುವ ಪಿಶಾಚಿ. ನಮ್ಮಲ್ಲಿ ಹಾಗಿಲ್ಲ. ಗುಬ್ಬಿ ಇಲ್ಲಿಂದ 20 ಕಿಲೋಮೀಟರ್. ಅಲ್ಲಿನ ನಾಟಕ ಕಂಪನಿಯ ವೀರಣ್ಣನವರು ಜನಮನ ಗೆದ್ದದ್ದು ಹಾಸ್ಯದಿಂದ. ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದ ಹಾಸ್ಯನಟ ನರಸಿಂಹರಾಜು ತಿಪಟೂರಿನವರು. ಮೂಡಲಪಾಯ ಯಕ್ಷಗಾನದ ಕೋಡಂಗಿ ಭಾಗವತರ ಕಾಲೆಳೆದು ನಗಿಸುವವನು. ನಗಿಸುವವನನ್ನು ಇಷ್ಟು ಹಚ್ಚಿಕೊಂಡ ಊರಿನಲ್ಲಿ ಅವನ ಕೈಗೆ ಮಚ್ಚು ಕೊಟ್ಟರೆ ಜನ ಬೆಚ್ಚುವ ಬದಲು ಕಿಸಕ್ಕನೆ ನಕ್ಕುಬಿಡಬಹುದು. ಭಯದ ಸಿನಿಮಾಕ್ಕೆ ಅದಕ್ಕಿಂತ ದೊಡ್ಡ ಸೋಲಿಲ್ಲ.

ಇದೇ ಮಾತನ್ನು ತಿರುಗಿಸಿಯೂ ಹೇಳಬಹುದು. ‘ಸದಾರಮೆ’ ನಾಟಕದಲ್ಲಿ ವೀರಣ್ಣನವರಿಗೆ ಹೆಸರು ತಂದದ್ದು ಕಳ್ಳನ ಪಾತ್ರ. ಹೆಣ್ಣೊಬ್ಬಳನ್ನು ಹೊತ್ತೊಯ್ಯುವ ಕಳ್ಳನಿಗೆ ಜನ ಬಿದ್ದು ಬಿದ್ದು ನಕ್ಕರು ಎಂದಮೇಲೆ, ಅಪಾಯವೂ ನಗುವೂ ಒಂದೇ ಮೈಯಲ್ಲಿರುವುದು ಇಲ್ಲಿಗೆ ಹೊಸದಲ್ಲ. ಅಳತೆ ಸ್ವಲ್ಪ ಆಚೀಚೆ ಮಾಡಿದರೆ ಅದೇ ಕಳ್ಳ ನಡುಕ ಹುಟ್ಟಿಸಬಲ್ಲ. ಇನ್ನು ಹಳ್ಳಿ ಜಾತ್ರೆಯ ಸೋಮನ ಕುಣಿತ. ಆ ದೊಡ್ಡ ಕೆಂಪು ಮುಖವಾಡ, ಮಿಟುಕಿಸದ ಕಣ್ಣು ಹತ್ತಿರ ಬಂದಾಗ ಅಮ್ಮನ ಸೆರಗಿನ ಹಿಂದೆ ಸರಿಯದ ಮಗು ಕಡಿಮೆ. ಅಲ್ಲಿ ಭಯದ ಜೊತೆ ಭಕ್ತಿ ಇರುತ್ತದೆ, ನಿಜ. ಆದರೂ ಅಲುಗದ ಮುಖದ ಹಿಂದೆ ಯಾರಿದ್ದಾರೆ, ಏನೆಣಿಸುತ್ತಿದ್ದಾರೆ ಎಂದು ತಿಳಿಯದ ದಿಗಿಲು ಅದೇ. 2023ರಲ್ಲಿ ಬ್ರಿಟನ್ನಿನ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ಜೋಕರ್ ಭಯದ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲೂ ಮುಂದೆ ನಿಂತ ಕಾರಣ ಇದು: ಮೇಕಪ್ಪಿನಡಿಯ ಭಾವ ಓದಲಾಗದು.

ನನ್ನ ಮಟ್ಟಿಗೆ ತಕರಾರು ಜೋಕರ್ ಬಗ್ಗೆಯಲ್ಲ, ಕಡಿಮೆ ದುಡ್ಡನ್ನು ಎಲ್ಲಿಗೆ ಸುರಿಯುತ್ತಾರೆ ಎಂಬುದರ ಬಗ್ಗೆ. ಲಿಯೋನ್ ಎಲ್ಲವನ್ನೂ ಸುರಿದದ್ದು ತೋರಿಸುವುದಕ್ಕೆ. ಮೊದಲ ಚಿತ್ರದಲ್ಲಿ ಹೆಣ್ಣೊಬ್ಬಳನ್ನು ತಲೆಕೆಳಗಾಗಿ ಕಟ್ಟಿ ಗರಗಸದಿಂದ ಸೀಳುವ ದೃಶ್ಯವಿದೆ. ಕಂಪ್ಯೂಟರ್ ಗ್ರಾಫಿಕ್ಸಿಗೆ ಮೊರೆಹೋಗದೆ ಕೈಯಾರೆ ಮಾಡಿದ ಆ ಕುಸುರಿಯನ್ನು ಮೆಚ್ಚುವವರಿದ್ದಾರೆ. ಹೆಣ್ಣಿನ ದೇಹದ ಮೇಲಿನ ಹಿಂಸೆಯನ್ನು ಇಷ್ಟು ಹೊತ್ತು ಸವಿಯಬೇಕೇ ಎಂದು ಕೇಳುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಹಾಗಂತ ಜೋಕರ್ ಪಾತ್ರಧಾರಿ ಡೇವಿಡ್ ಹೋವರ್ಡ್ ಥಾರ್ನ್‌ಟನ್ ಅಭಿನಯವನ್ನು ತಳ್ಳಿಹಾಕುವಂತಿಲ್ಲ. ಒಂದು ಮಾತಿಲ್ಲದೆ, ಬರೀ ಹುಬ್ಬು ಮತ್ತು ಹಲ್ಲಿನಲ್ಲಿ ಆತ ಹುಟ್ಟಿಸುವ ಇರುಸುಮುರುಸಿಗೆ ರಕ್ತದ ಅಗತ್ಯವೇ ಇರಲಿಲ್ಲ.

ಕನ್ನಡದಲ್ಲಿ 2013ರ ‘6-5=2’ ಇದಕ್ಕೆ ತದ್ವಿರುದ್ಧದ ದಾರಿ ಹಿಡಿಯಿತು. ಕೆ.ಎಸ್. ಅಶೋಕ ನಿರ್ದೇಶನದ ಆ ಚಿತ್ರದಲ್ಲಿ ಹೊಸ ಮುಖಗಳು, ಪಶ್ಚಿಮಘಟ್ಟದ ಚಾರಣ, ಅಲುಗಾಡುವ ಕ್ಯಾಮೆರಾ. ಕಾಣಿಸಿದ್ದಕ್ಕಿಂತ ಕೇಳಿಸಿದ್ದೇ ಹೆಚ್ಚು. ಜನ ಮುಗಿಬಿದ್ದರು, ಮರುವರ್ಷವೇ ಹಿಂದಿಗೂ ಹೋಯಿತು. ಅದರ ಮೇಲೂ ಆಕ್ಷೇಪವಿದೆ: ಮಾದರಿ 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ನದು, ಜೊತೆಗೆ ನಿಜವಾಗಿ ಸಿಕ್ಕ ವಿಡಿಯೊ ಎಂಬಂತೆ ಪ್ರಚಾರ. ಸುಳ್ಳು ಹೇಳಿ ಟಿಕೆಟ್ ಮಾರಿದರು ಎನ್ನುವವರಿಗೆ ನಾನು ಅಷ್ಟು ಬೆಂಬಲ ಕೊಡಲಾರೆ. ದೆವ್ವದ ಕಥೆಯನ್ನು ‘ನಮ್ಮೂರಲ್ಲೇ ನಡೆದದ್ದು’ ಎನ್ನದೆ ಯಾವ ಅಜ್ಜಿ ಶುರು ಮಾಡಿದ್ದಾಳೆ? ದೆವ್ವ ಒಳಬಾರದಿರಲೆಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದುಕೊಂಡ ರಾಜ್ಯ ಇದು; ಪೈಸೆ ಖರ್ಚಿಲ್ಲದೆ ಹುಟ್ಟಿದ ಆ ಭಯದ ಎಳೆ 2018ರ ಹಿಂದಿ ‘ಸ್ತ್ರೀ’ವರೆಗೆ ಹೋಯಿತು.

ಬಡ ನಿರ್ಮಾಪಕನ ಲೆಕ್ಕವೂ ಇದೇ ಕಡೆ ವಾಲುತ್ತದೆ. ರಕ್ತ ಹರಿಸಿದರೆ ಸೆನ್ಸಾರಿನಿಂದ ಬರುವುದು ಎ ಸರ್ಟಿಫಿಕೇಟ್. ಎ ಚಿತ್ರವನ್ನು ಟಿವಿಯಲ್ಲಿ ಇದ್ದ ಹಾಗೆ ಹಾಕುವಂತಿಲ್ಲ; ಕತ್ತರಿಸಿ ಮತ್ತೆ ಯುಎ ತರಬೇಕು. ಕತ್ತರಿಸುವುದು ಯಾವುದನ್ನು? ಇದ್ದಬದ್ದ ದುಡ್ಡನ್ನೆಲ್ಲ ಸುರಿದು ಮಾಡಿದ ಮೇಕಪ್ಪನ್ನೇ. ಹೊಸ ನಿರ್ದೇಶಕನನ್ನು ಗುರುತಿಸುವಂತೆ ಮಾಡುವುದು ಆ ಗರಗಸದಂಥ ದೃಶ್ಯವೇ, ಮೆಲ್ಲಗೆ ಹೆದರಿಸಿದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ಎದುರುವಾದಕ್ಕೆ ‘ಟೆರಿಫೈಯರ್’ನ ಗಳಿಕೆ ಸಾಕ್ಷಿ ನುಡಿಯುತ್ತದೆ. ಅದನ್ನು ಅಲ್ಲಗಳೆಯಲಾರೆ. ಆದರೂ ಶಿರಾ ಗೇಟ್‌ನ ಹುಡುಗ ಸಲಹೆ ಕೇಳಿದರೆ ಗರಗಸ ಬಿಟ್ಟು ಒಳ್ಳೆಯ ಸೌಂಡ್ ಇಂಜಿನಿಯರ್ ಹುಡುಕು ಎನ್ನುತ್ತೇನೆ, ಬಣ್ಣ ಹಚ್ಚುವ ಮೊದಲು ಒಂದು ಮೂಡಲಪಾಯ ನೋಡಿ ಬಾ ಎಂದೂ.